ಮಗಳ ಹಾರ್ಟಲ್ಲಿ ತೂತು, ಅಪ್ಪನ ಹೆಬ್ಬೆರಳಲ್ಲಿ ಸುಳಿವು: ನಮ್ಮ ಟಿಬಿಎಕ್ಸ್5 ಟೆಸ್ಟಿನ ಕಥೆ

ಹೋದ ವಾರ ಕೊನೇ ರಿಪೋರ್ಟ್ ಬಂತು, ಅಂತೂ ಫೈಲ್ ಕಂಪ್ಲೀಟ್ ಆಯ್ತು. ಮಗಳ ಹಾರ್ಟಲ್ಲಿ ತೂತು ಇದೆ ಅಂತ ಗೊತ್ತಾದಾಗಿಂದ ಹಿಡಿದು ಟಿಬಿಎಕ್ಸ್5 ಅನ್ನೋ ಜೀನಿಗಾಗಿ ಮನೆಯವರೆಲ್ಲರ ಜೆನೆಟಿಕ್ ಟೆಸ್ಟ್ ಮುಗಿಯೋವರೆಗೆ ಏನೇನಾಯ್ತು ಅಂತ ಬರೀತಿದೀನಿ, ಯಾಕಂದ್ರೆ ನಾವು ಹುಡುಕ್ದಾಗ ಕನ್ನಡದಲ್ಲಿ ಇದರ ಬಗ್ಗೆ ಏನೂ ಸಿಗ್ಲಿಲ್ಲ, ಸಿಕ್ಕಿದ್ದೆಲ್ಲ ಡಾಕ್ಟ್ರು ಡಾಕ್ಟ್ರಿಗೆ ಅಂತ ಇಂಗ್ಲಿಷಲ್ಲಿ ಬರ್ಕೊಂಡಿರೋದು. ನಾನು ಬಿಕಾಂ ಓದಿರೋಳು. ಅವರು ಹೇಳಿದ್ದು ನನಗೆ ಅರ್ಥ ಆದಷ್ಟು ಬರೀತೀನಿ, ಔಷಧಿ ವಿಷಯ ಮಾತ್ರ ನಿಮ್ಮ ಡಾಕ್ಟ್ರನ್ನೇ ಕೇಳಿ.

ಮಗಳು ಹುಟ್ಟಿದ್ದು 2020ರ ಜೂನಲ್ಲಿ, ಕೊರೊನಾ ಕಾಲ. ತಾಯಿ ಮಗು ಆರಾಮಿದ್ರೆ ಸಾಕು, ಬೇಗ ಮನೆಗೆ ಹೋಗಿ ಅಂತಿದ್ದ ಟೈಮು ಅದು. ಆಮೇಲೂ ಅವಳಿಗೆ ದೊಡ್ಡದಾಗಿ ಏನೂ ಕಾಯಿಲೆ ಬರ್ಲಿಲ್ಲ. ಪದೇ ಪದೇ ನೆಗಡಿ ಕೆಮ್ಮು, ತೂಕ ಮಾತ್ರ ಏರ್ತಿರ್ಲಿಲ್ಲ, "ನಿಮ್ಮ ಮನೇಲಿ ಎಲ್ರೂ ಸಣ್ಣಾನೇ ಅಲ್ವಾ" ಅಂತ ಎಲ್ರೂ ಸುಮ್ಮನಾದ್ವಿ. ಗೊತ್ತಾಗಿದ್ದು ಅಂಗನವಾಡೀಲಿ. ಆರ್‌ಬಿಎಸ್‌ಕೆ ಅಂತ ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಟೀಮ್ ಬರುತ್ತಲ್ಲ, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಸ್ಕೂಲಿಗೆ ಒಂದು ಸಲ, ಅದ್ರಲ್ಲಿದ್ದ ಆಯುರ್ವೇದ ಡಾಕ್ಟ್ರಮ್ಮ ಸ್ಟೆತಸ್ಕೋಪ್ ಇಟ್ಟು ಕೇಳಿದ್ರು, ಪಕ್ಕದ ಮಗೂಗೆ ಹೋದ್ರು, ಮತ್ತೆ ವಾಪಸ್ ಬಂದು ಇವಳ ಎದೆ ಮೇಲೇ ಇಟ್ಟು ಕಣ್ಮುಚ್ಚಿ ಕೇಳಿದ್ರು. ಒಂದು ಚೀಟಿ ಬರೆದುಕೊಟ್ಟು "ಗಾಬರಿ ಬೇಡ ಕಣಮ್ಮಾ, ಒಂದು ಎಕೋ ಮಾಡಿಸ್ಬಿಡಿ" ಅಂದ್ರು, ಎಕೋ ಅಂದ್ರೆ ಹಾರ್ಟಿನ ಸ್ಕ್ಯಾನ್. ಆ ಟೀಮ್ ಬಂದಾಗ ಮಗುನ ಮನೇಲಿ ಇಟ್ಕೋಬೇಡಿ ದಯವಿಟ್ಟು. ಮತ್ತೆ ಆ ಚೀಟೀನ ಬಿಸಾಕ್ಬೇಡಿ, ಮುಂದೆ ಅದೇ ಉಪಯೋಗಕ್ಕೆ ಬರುತ್ತೆ.

ಎಕೋದಲ್ಲಿ ಬಂದಿದ್ದು ಎಎಸ್‌ಡಿ, ಅಂದ್ರೆ ಹೃದಯದ ಮೇಲಿನ ಎರಡು ಕೋಣೆ ಮಧ್ಯದ ಗೋಡೇಲಿ ತೂತು, 14 ಮಿಲಿಮೀಟರ್. ಬಲಗಡೆ ಕೋಣೆ ಸ್ವಲ್ಪ ಹಿಗ್ಗಿದೆ ಅಂತಾನೂ ಬರೆದಿದ್ರು. ಆವತ್ತು ರಾತ್ರಿ ನಾನು ಮಲಗ್ಲಿಲ್ಲ, ಅವಳು ಉಸಿರಾಡೋದನ್ನೇ ನೋಡ್ತಾ ಕೂತಿದ್ದೆ.

ಇನ್ನು ಊರಿನ ಮಾತು. 2019ರ ಡಿಸೆಂಬರ್ 26ಕ್ಕೆ ಕಂಕಣ ಸೂರ್ಯಗ್ರಹಣ ಆಗಿತ್ತಲ್ಲ, ನಾನು ಆಗ ನಾಲ್ಕು ತಿಂಗಳ ಬಸುರಿ, ಬೆಳಗ್ಗೆ ಹೊರಗೆ ಬಂದಿದ್ದೆ ಅಂತ ಯಾರಿಗೋ ನೆನಪಾಯ್ತು. ಮುಗೀತು. ಬಂದೋರೆಲ್ಲ ಅದೇ ಮಾತು, "ಅವತ್ತೇ ಹೇಳಿದ್ವಿ, ಒಳಗಿರು ಅಂತ". ನಮ್ಮತ್ತೆ ಬಾಯಿಬಿಟ್ಟು ಅನ್ಲಿಲ್ಲ, ಆದ್ರೆ ಬೇರೆಯವರು ಅಂದಾಗ ಬೇಡ ಅಂತಾನೂ ಹೇಳ್ಲಿಲ್ಲ. ನನಗೆ ಅದೇ ಜಾಸ್ತಿ ನೋವಾಗಿದ್ದು.

ಬೆಂಗಳೂರಿಗೆ ಹೋದ್ವಿ. ಮಕ್ಕಳ ಹಾರ್ಟ್ ಡಾಕ್ಟ್ರು ಎಕೋ ಮತ್ತೆ ಅವರೇ ಮಾಡಿದ್ರು. ಎಲ್ಲ ಮುಗಿದು ಅವಳ ಫ್ರಾಕಿನ ಗುಂಡಿ ಹಾಕು ಪುಟ್ಟಾ ಅಂದ್ರೆ ಇವಳು ತೋರುಬೆರಳು ಮಧ್ಯದ ಬೆರಳು ಸೇರಿಸಿ ಹಾಕ್ತಿದ್ಲು, ಅವಳು ಪೆನ್ಸಿಲ್ ಹಿಡಿಯೋದೂ ಹಂಗೇ. ನಾವು ಅದು ಅವಳ ಅಭ್ಯಾಸ ಅನ್ಕೊಂಡಿದ್ವಿ. ಡಾಕ್ಟ್ರು ನೋಡ್ತಾನೇ ಇದ್ರು. ಅವಳ ಕೈ ತಗೊಂಡು ಹೆಬ್ಬೆರಳನ್ನ ಕಿರುಬೆರಳಿನ ಬುಡಕ್ಕೆ ಮುಟ್ಟಿಸೋಕೆ ಹೇಳಿದ್ರು, ಆಗ್ಲಿಲ್ಲ. ಆಮೇಲೆ ನಮ್ಮ ಯಜಮಾನ್ರ ಕಡೆ ತಿರುಗಿ "ನಿಮ್ಮ ಕೈ ತೋರಿಸಿ ಸಾರ್" ಅಂದ್ರು. ಇವರ ಎಡಗೈ ಹೆಬ್ಬೆರಳು ಉದ್ದ, ಬೇರೆ ಬೆರಳಿನ ಸಾಲಲ್ಲೇ ನಿಂತ್ಕೊಳುತ್ತೆ, ಅದ್ರಲ್ಲಿ ಎರಡು ಗೆಣ್ಣಿನ ಬದಲು ಮೂರು ಗೆಣ್ಣು. ಮದುವೆ ಆದಾಗಿಂದ ನೋಡಿದೀನಿ, ಉದ್ದ ಹೆಬ್ಬೆರಳು ಅದೃಷ್ಟ ಅಂತ ಅವರ ಮನೇಲೇ ಹೇಳ್ತಿದ್ರು. ಡಾಕ್ಟ್ರು ಕೇಳಿದ್ರು, ನಿಮ್ಮಪ್ಪನಿಗೂ ಹೀಗೇ ಇತ್ತಾ? ಇತ್ತು. ನಮ್ಮ ಮಾವ ತೋಟದಲ್ಲಿ ಕೆಲಸ ಮಾಡ್ತಾ ಮಾಡ್ತಾ ಹಂಗೇ ಬಿದ್ದು ಹೋದೋರು, ಐವತ್ತು ಕೂಡ ಆಗಿರ್ಲಿಲ್ಲ ಅವರಿಗೆ, ನಾನು ಅವರನ್ನ ನೋಡೇ ಇಲ್ಲ. ಅದು ಇದೇನಾ ಬೇರೇನಾ ಅಂತ ಈಗ ಯಾರಿಗೂ ಹೇಳೋಕಾಗಲ್ಲ.

ಡಾಕ್ಟ್ರು ಮೂರು ವಿಷಯ ಹೇಳಿದ್ರು. ಮಗು ಹಾರ್ಟಿನ ತೂತು ಡಿವೈಸ್ ಹಾಕಿ ಮುಚ್ಚಬಹುದು, ಓಪನ್ ಆಪರೇಷನ್ ಬೇಕಾಗಲ್ಲ ಅನ್ಸುತ್ತೆ, ತೂಕ 15 ಕೆಜಿ ಆಗ್ಲಿ. ಎರಡನೇದು, ಅಪ್ಪ ಮಗಳು ಇಬ್ರ ಕೈಗೂ ಎಕ್ಸ್‌ರೇ, ಅಪ್ಪನಿಗೆ ಇಸಿಜಿ ಮತ್ತೆ ಎಕೋ. ಮೂರನೇದು, ಜೆನೆಟಿಕ್ಸ್ ಓಪಿಡಿ. ಹೋಲ್ಟ್-ಓರಮ್ ಸಿಂಡ್ರೋಮ್ ಅಂತ ಚೀಟಿ ಮೇಲೆ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರು, ಹಾರ್ಟು ಕೈ ಎರಡರಲ್ಲೂ ಹುಟ್ಟಿನಿಂದ ತೊಂದ್ರೆ ಇರೋ ಅಪರೂಪದ ಕಾಯಿಲೆ ಅದು.

ಮೊದ್ಲು ಡಿವೈಸ್ ವಿಷಯ ಹೇಳ್ತೀನಿ, ಯಾಕಂದ್ರೆ ಕಾಗದದ ಓಡಾಟ ಎಲ್ಲಾ ಅಲ್ಲೇ ಆಗಿದ್ದು. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಆಗುತ್ತೆ, ಎಪಿಎಲ್ ಆದ್ರೆ ಪ್ಯಾಕೇಜ್ ರೇಟಿನ ಶೇ. 30 ಮಾತ್ರ. ಪ್ರೈವೇಟ್ ಆಸ್ಪತ್ರೇಲಿ ಮಾಡಿಸೋದಾದ್ರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ಬೇಕೇ ಬೇಕು, ಆಗ್ಲೇ ಹೇಳಿದ್ನಲ್ಲ ಅಂಗನವಾಡಿ ಚೀಟಿ, ಅದನ್ನ ಜಿಲ್ಲಾ ಆಸ್ಪತ್ರೆಯ ಡಿಇಐಸಿ ಅನ್ನೋ ಮಕ್ಕಳ ಸೆಂಟರಲ್ಲಿ ತೋರಿಸಿದ್ರೆ ದಾರಿ ಸಲೀಸು. ನಮಗೆ ತೊಡಕಾಗಿದ್ದು ಹೆಸರು. ಜನನ ಪ್ರಮಾಣ ಪತ್ರದಲ್ಲಿ ಮಗಳ ಹೆಸರು ಒಂದು ಥರ, ಆಧಾರಲ್ಲಿ ಇನಿಶಿಯಲ್ ಹಿಂದೆ ಮುಂದೆ, ರೇಷನ್ ಕಾರ್ಡಲ್ಲಂತೂ ಅವಳ ಹೆಸರೇ ಸೇರಿಸಿರ್ಲಿಲ್ಲ. ಅಪ್ರೂವಲ್ ಅಲ್ಲೇ ನಿಂತೋಯ್ತು. ಮತ್ತೆ ಊರಿಗೆ ಬಂದು ಆಹಾರ ಇಲಾಖೆ ಆಫೀಸು, ಆಧಾರ್ ಸೆಂಟರು, ಸರ್ವರ್ ಡೌನು, ನಾಳೆ ಬನ್ನಿ. ಮಗೂಗೆ ಏನೂ ಕಾಯಿಲೆ ಇಲ್ದಿದ್ರೂ ಈ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಇವತ್ತೇ ನೋಡಿ.

ಡಿವೈಸ್ ಹಾಕಿದ ದಿನ ನಾನು ಅನ್ಕೊಂಡಷ್ಟು ಕಷ್ಟ ಇರ್ಲಿಲ್ಲ. ತೊಡೆ ಸಂದಿಯ ರಕ್ತನಾಳದಿಂದ ಸಣ್ಣ ಪೈಪಲ್ಲಿ ಮಡಚಿದ ಡಿವೈಸ್ ತಗೊಂಡು ಹೋಗಿ ತೂತಿನ ಎರಡೂ ಕಡೆ ಬಿಚ್ಚಿಕೊಳೋ ಹಂಗೆ ಮಾಡ್ತಾರೆ, ನಿಟಿನಾಲ್ ಅನ್ನೋ ಲೋಹದ ಜಾಲರಿ ಅದು. ತೂತಿನ ಸುತ್ತ ಅಂಚು ಗಟ್ಟಿ ಇದ್ರೆ ಮಾತ್ರ ಇದು ಕೂರುತ್ತೆ, ಇಲ್ಲಾಂದ್ರೆ ಆಪರೇಷನ್ನೇ, ಹಾಗಾಗಿ ಆವತ್ತೂ ಕೊನೇ ಘಳಿಗೆವರೆಗೆ ಏನೂ ಗ್ಯಾರಂಟಿ ಕೊಡಲ್ಲ. ಒಂದೂಮುಕ್ಕಾಲು ಗಂಟೆ ಹೊರಗೆ ಕೂತಿದ್ವಿ. ಮಾರನೇ ದಿನಾನೇ ಇಡ್ಲಿ ತಿಂದ್ಲು. ಆರು ತಿಂಗಳು ಆಸ್ಪಿರಿನ್ ಕೊಡ್ಬೇಕು, ಆ ಆರು ತಿಂಗಳಲ್ಲಿ ಹಲ್ಲು ಕೀಳಿಸೋದು ಗೀಳಿಸೋದು ಇದ್ರೆ ಮುಂಚೆನೇ ಹಾರ್ಟ್ ಡಾಕ್ಟ್ರಿಗೆ ಹೇಳಿ ಆ್ಯಂಟಿಬಯಾಟಿಕ್ ತಗೋಬೇಕು ಅಂದ್ರು. ಡಿಸ್ಚಾರ್ಜ್ ಆಗೋವಾಗ ಒಂದು ಡಿವೈಸ್ ಕಾರ್ಡ್ ಕೊಡ್ತಾರೆ, ಲ್ಯಾಮಿನೇಷನ್ ಮಾಡಿಸಿ ಇಟ್ಕೊಳಿ, ಮುಂದೆ ಎಂಆರ್‌ಐ ಅದೂ ಇದೂ ಅಂದ್ರೆ ಅದನ್ನೇ ಕೇಳ್ತಾರೆ.

ಇನ್ನು ಜೆನೆಟಿಕ್ಸ್ ಓಪಿಡಿ. ಇಲ್ಲಿ ಯಾರೂ ಅರ್ಜೆಂಟ್ ಮಾಡಲ್ಲ, ಅದೇ ವಿಚಿತ್ರ ಅನ್ಸುತ್ತೆ, ಬೇರೆ ಓಪಿಡೀಲಿ ಎರಡು ನಿಮಿಷ ಸಿಕ್ಕಿದ್ರೆ ಹೆಚ್ಚು, ಇಲ್ಲಿ ಕೌನ್ಸೆಲರ್ ಒಂದು ದೊಡ್ಡ ಹಾಳೆ ತಗೊಂಡು ಗಂಡಸರಿಗೆ ಚೌಕ ಹೆಂಗಸರಿಗೆ ವೃತ್ತ ಹಾಕ್ತಾ ಮೂರು ತಲೆಮಾರು ಕೇಳ್ತಾ ಹೋದ್ರು. ಸಂಬಂಧದಲ್ಲಿ ಮದುವೆನಾ, ಗರ್ಭಪಾತ ಆಗಿತ್ತಾ, ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಸತ್ರಾ, ಯಾರಿಗಾದ್ರೂ ಪೇಸ್‌ಮೇಕರ್ ಇದೆಯಾ, ಯಾರ ಕೈ ಹೇಗಿದೆ. ಮುಜುಗರ ಆಗುತ್ತೆ, ಆದ್ರೆ ಎಲ್ಲಾ ಹೇಳಿ. ಹೋಗೋಕೆ ಮುಂಚೆ ಮನೇಲಿರೋ ಹಿರಿಯರ ಹತ್ರ ಕೂತು ಕೇಳ್ಕೊಂಡು ಹೋಗಿ, ಹಳೇ ಫೋಟೋ ಇದ್ರೆ ಮೊಬೈಲಲ್ಲಿ ತಗೊಳಿ. ನಾವು ಮಾವನ ಒಂದು ಫೋಟೋ ತೋರಿಸಿದ್ವಿ, ಮದುವೆ ಮನೇಲಿ ಎರಡೂ ಕೈ ಮಂಡಿ ಮೇಲೆ ಇಟ್ಕೊಂಡು ಕೂತಿರೋದು. ಕೌನ್ಸೆಲರ್ ಅದನ್ನ ಝೂಮ್ ಮಾಡಿ ಎಡಗೈ ನೋಡಿದ್ರು, ಏನೂ ಹೇಳ್ದೆ ಅವರ ಚೌಕಾನ ಕಪ್ಪು ಮಾಡಿದ್ರು, ಅಂದ್ರೆ ಅವರಿಗೂ ತೊಂದ್ರೆ ಇತ್ತು ಅಂತ ಗುರುತು.

ಟೆಸ್ಟಿಗೆ ಬೇಕಾಗೋದು ನೇರಳೆ ಮುಚ್ಚಳದ ಟ್ಯೂಬಲ್ಲಿ ಸ್ವಲ್ಪ ರಕ್ತ, ಸಹಿ ಹಾಕಿದ ಒಪ್ಪಿಗೆ ಪತ್ರ, ಎಕೋ ರಿಪೋರ್ಟ್, ಎಕ್ಸ್‌ರೇ, ಆ ಮೂರು ತಲೆಮಾರಿನ ಹಾಳೆ. ಖರ್ಚು ನಮಗೆ ಮಗಳ ಟೆಸ್ಟಿಗೆ 22,000 ಆಯ್ತು, ಇದು ನಮ್ಮ ಸ್ಕೀಮಲ್ಲಿ ಬರ್ಲಿಲ್ಲ, ಪೂರ್ತಿ ಕೈಯಿಂದ. ಲ್ಯಾಬಿಂದ ಲ್ಯಾಬಿಗೆ ರೇಟ್ ವ್ಯತ್ಯಾಸ ಇದೆ, ಆಸ್ಪತ್ರೆ ಮೂಲಕ ಕಳಿಸಿದ್ರೆ ಕಮ್ಮಿ ಮಾಡ್ತಾರೆ, ನಾಚ್ಕೊಳ್ದೆ ಕೇಳಿ. ನಾಲ್ಕು ವಾರ ಅಂದಿದ್ರು. ಎರಡು ವಾರ ಆದ್ಮೇಲೆ ಫೋನ್ ಬಂತು, ಸ್ಯಾಂಪಲ್ ಹೆಪ್ಪುಗಟ್ಟಿದೆ, ಮತ್ತೆ ರಕ್ತ ಕೊಡಿ. ಅವಳಿಗೆ ಸೂಜಿ ಅಂದ್ರೆ ಅಷ್ಟ್ರಲ್ಲಿ ಜೀವ ಹೋಗ್ತಿತ್ತು. ಲೆಕ್ಕ ಮತ್ತೆ ಮೊದಲಿಂದ ಶುರು. ಹಾಗಾಗಿ ನಾಲ್ಕು ವಾರ ಅಂದ್ರೆ ಎರಡು ತಿಂಗಳು ಅಂತ ಇಟ್ಕೊಳಿ.

ಇಲ್ಲಿ ಒಂದು ಮಾತು. ಸಾವಿರಕ್ಕೆ ಹೆಚ್ಚುಕಮ್ಮಿ ಎಂಟು ಮಕ್ಕಳು ಹಾರ್ಟಿನ ತೊಂದ್ರೆ ಜೊತೆ ಹುಟ್ತಾರಂತೆ, ಅವರಲ್ಲಿ ಬಹಳಷ್ಟು ಜನಕ್ಕೆ ಇದೇ ಜೀನ್ ಅಂತ ಬೊಟ್ಟು ಮಾಡಿ ತೋರಿಸೋಕೆ ಆಗಲ್ಲ. ಹೋಲ್ಟ್-ಓರಮ್ ಲಕ್ಷಕ್ಕೆ ಒಬ್ರಿಗೆ. ಸುಮ್ನೆ ಎಎಸ್‌ಡಿ ಇದೆ ಅಂತ ಇಪ್ಪತ್ತು ಸಾವಿರ ಸುರಿಬೇಡಿ. ಕೈಯಲ್ಲೂ ಏನಾದ್ರೂ ಇದೆಯಾ, ಮನೇಲಿ ಇನ್ನೊಬ್ರಿಗೆ ಹಾರ್ಟಿನ ತೂತೋ ಬಡಿತದ ತೊಂದ್ರೆನೋ ಇದೆಯಾ, ಆಗ ಕೇಳಿ.

ರಿಪೋರ್ಟ್ ಬಂತು, ಪಿಡಿಎಫ್, ಮೊಬೈಲಿಗೇ. ಬಸ್ಸಲ್ಲಿ ನಿಂತ್ಕೊಂಡು ಓಪನ್ ಮಾಡಿದೆ. ಟಿಬಿಎಕ್ಸ್5 ಜೀನಲ್ಲಿ ಒಂದಕ್ಷರ ಬದಲಾಗಿದೆ, ಆದ್ರೆ ಅರ್ಥ ಅನಿಶ್ಚಿತ ಅಂತ ಬರೆದಿತ್ತು. ವಿಯುಎಸ್ ಅಂತಾರೆ ಇದಕ್ಕೆ. ಅಂದ್ರೆ ಹೌದೂ ಅಲ್ಲ, ಇಲ್ಲಾನೂ ಅಲ್ಲ. ಇಷ್ಟು ದುಡ್ಡು ಕೊಟ್ಟು ಇಷ್ಟು ದಿನ ಕಾದು ಇದಾ ಅಂತ ಸಿಟ್ಟು ಬಂತು. ಕೌನ್ಸೆಲರ್ ಸಮಾಧಾನವಾಗಿ ಹೇಳಿದ್ರು, ಇದೇ ಬದಲಾವಣೆ ಬೇರೆಯವರಲ್ಲಿ ವರದಿ ಆಗಿಲ್ಲ, ಅದಕ್ಕೇ ಲ್ಯಾಬ್ ಹಿಂದೇಟು ಹಾಕ್ತಿದೆ. ಮನೇಲಿ ಕೈ ತೊಂದ್ರೆ ಇರೋರಲ್ಲಿ ಇದು ಇದ್ದು, ಇಲ್ದೋರಲ್ಲಿ ಇಲ್ದಿದ್ರೆ ಆಗ ತೂಕ ಬರುತ್ತೆ. ಅಂದ್ರೆ ಇನ್ನಷ್ಟು ಜನರ ರಕ್ತ ಬೇಕು. ಆ ಒಂದು ಜಾಗ ಮಾತ್ರ ನೋಡೋದ್ರಿಂದ ತಲೆಗೆ 6,000 ಚಿಲ್ಲರೆ.

ನಮ್ಮ ಯಜಮಾನ್ರದ್ದು ಇದೆ ಅಂತ ಬಂತು, ನನ್ನದು ಇಲ್ಲ. ಉಳಿದಿದ್ದು ಇವರ ಅಕ್ಕ. ಅವರಿಗೂ ಹೆಬ್ಬೆರಳು ಸಣ್ಣದಾಗಿ ಜೋತು ಬಿದ್ದಿರುತ್ತೆ, ಭುಜ ಇಳಿಜಾರು. ಅವರು ಒಪ್ಪಲಿಲ್ಲ. ಮಗಳಿಗೆ ಗಂಡು ನೋಡ್ತಿದಾರೆ, ಈಗ ರಕ್ತದಲ್ಲಿ ದೋಷ ಅಂತ ಸುದ್ದಿ ಹಬ್ಬಿದ್ರೆ? ನನಗೆ ಅವರ ಮೇಲೆ ಕೋಪ ಬರ್ಲಿಲ್ಲ ನಿಜ ಹೇಳ್ಬೇಕಂದ್ರೆ, ಗ್ರಹಣದ ಮಾತು ಕೇಳಿದೋಳು ನಾನು. ಯಾರೂ ಬಲವಂತ ಮಾಡಂಗಿಲ್ಲ, ರಿಪೋರ್ಟ್ ಅವರಿಗೆ ಬಿಟ್ಟು ಬೇರೆ ಯಾರಿಗೂ ಕೊಡಲ್ಲ ಅಂತ ಕೌನ್ಸೆಲರ್ರೇ ಫೋನಲ್ಲಿ ಹೇಳಿದ್ರು. ಕೊನೆಗೆ ನಮ್ಮತ್ತೇನೇ ಅವರ ಮನೆಗೆ ಹೋಗಿ ಕೂತ್ಕೊಂಡು "ನಿಮ್ಮಪ್ಪ ಹಂಗೇ ಬಿದ್ದು ಹೋದ್ರಲ್ಲೇ, ಒಂದು ಇಸಿಜಿನಾದ್ರೂ ಮಾಡಿಸ್ಕೋ" ಅಂದ್ರಂತೆ. ಇಸಿಜಿ ಮಾಡಿಸ್ಕೊಂಡ್ರು, ಆಮೇಲೆ ರಕ್ತಾನೂ ಕೊಟ್ರು. ಹೋದ ವಾರ ಬಂದ ಕೊನೇ ರಿಪೋರ್ಟ್ ಅದೇ, ಅವರಲ್ಲೂ ಇದೆ. ಇದನ್ನೆಲ್ಲ ಸೇರಿಸಿ ಲ್ಯಾಬ್‌ನೋರು ಮಗಳ ರಿಪೋರ್ಟನ್ನ ಬದಲಾಯಿಸಿ ರೋಗಕಾರಕ ಆಗಿರೋ ಸಾಧ್ಯತೆ ಹೆಚ್ಚು ಅಂತ ಬರೆದುಕೊಟ್ರು. ವಿಯುಎಸ್ ಅಂತ ಬಂದೋರು ಅಲ್ಲಿಗೇ ಕೈಬಿಡಬೇಡಿ, ವರ್ಷ ಎರಡು ವರ್ಷ ಆದ್ಮೇಲಾದ್ರೂ ಮತ್ತೆ ನೋಡಿ ಅಂತ ಕೇಳಿ.

ಈಗ ಈ ಟಿಬಿಎಕ್ಸ್5 ಏನು ಮಾಡುತ್ತೆ ಅಂತ. ಟಿಬಿಎಕ್ಸ್5 ಅನ್ನೋದು ಜೀನಿನ ಹೆಸರು, ಅದರಿಂದ ತಯಾರಾಗೋ ಪ್ರೋಟೀನಿಗೂ ಅದೇ ಹೆಸರು. ಇದು ಜೀವಕೋಶದ ನ್ಯೂಕ್ಲಿಯಸ್ ಒಳಗೆ ಕೂತು ಡಿಎನ್‌ಎ ಹಿಡ್ಕೊಂಡು ಬೇರೆ ಜೀನ್‌ಗಳಿಗೆ ನೀನು ಈಗ ಶುರು ಮಾಡು, ನೀನು ನಿಲ್ಲು ಅಂತ ಹೇಳೋದು. ಒಂದೇ ಮಾಡಲ್ಲ, ಗಾಟಾ4, ಎನ್‌ಕೆಎಕ್ಸ್2-5 ಅಂತ ಇನ್ನೆರಡು ಪ್ರೋಟೀನ್ ಜೊತೆ ಕೈ ಸೇರಿಸುತ್ತೆ, ಅವುಗಳಲ್ಲಿ ಒಂದು ಕೆಟ್ರೂ ಹಾರ್ಟಲ್ಲಿ ಇಂಥದ್ದೇ ತೂತು ಬರುತ್ತಂತೆ. ಈ ಜೀನಿನ ಎರಡು ಪ್ರತಿ ಇರುತ್ತೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಮಗಳಿಗೆ ಆಗಿದ್ದನ್ನ ಕೌನ್ಸೆಲರ್ ಹೇಳಿದ್ದು, ಇಬ್ರು ಮೇಸ್ತ್ರಿ ನಿಂತು ಮಾಡಿಸ್ಬೇಕಾದ ಗೋಡೆ ಕೆಲಸಕ್ಕೆ ಒಬ್ನೇ ಬಂದಂಗೆ. ಅಮ್ಮನಿಂದ ಬಂದ ಪ್ರತಿ ಸರಿ ಇದೆ, ಅಪ್ಪನಿಂದ ಬಂದಿದ್ದು ಕೆಲಸ ಮಾಡಲ್ಲ, ಪ್ರೋಟೀನ್ ಅರ್ಧ ಡೋಸಷ್ಟೇ. ದೇಹದಲ್ಲಿ ಎಷ್ಟೋ ಕಡೆ ಅರ್ಧ ಡೋಸ್ ಸಾಕಾಗುತ್ತೆ, ಈ ಗೋಡೆಗೆ ಸಾಕಾಗಲ್ಲ. 2001ರಲ್ಲಿ ಇಲಿಗಳಲ್ಲಿ ಮಾಡಿ ನೋಡಿದಾರೆ, ಒಂದು ಪ್ರತಿ ತೆಗೆದ್ರೆ ನಮ್ಮ ಮಗಳಿಗೆ ಆದಂಗೇ ಮೇಲಿನ ಗೋಡೇಲಿ ತೂತು, ಬಡಿತದಲ್ಲಿ ತೊಂದ್ರೆ, ಎರಡೂ ತೆಗೆದ್ರೆ ಹಾರ್ಟೇ ಸರಿಯಾಗಿ ರೂಪ ಆಗ್ದೆ ಮರಿ ಹೊಟ್ಟೇಲೇ ಹೋಗುತ್ತೆ. ಡೋಸ್ ಜಾಸ್ತಿ ಆದ್ರೂ ಒಳ್ಳೇದಲ್ವಂತೆ, ಅಷ್ಟು ನಾಜೂಕು.

ಹಾರ್ಟಿಗೂ ಕೈಗೂ ಏನು ಸಂಬಂಧ ಅಂತ ಕೇಳ್ದೆ. ಗರ್ಭ ನಿಂತು 22 ದಿನದ ಹೊತ್ತಿಗೆ ಹಾರ್ಟ್ ಬಡಿಯೋಕೆ ಶುರು, ನಾಲ್ಕನೇ ವಾರದ ಕೊನೇಗೆ ಕೈ ಮೂಡೋ ಜಾಗದಲ್ಲಿ ಮೊಗ್ಗು ಏಳುತ್ತೆ, ಎರಡೂ ಕಡೆ ಇದೇ ಪ್ರೋಟೀನ್ ಬೇಕು. ಕಾಲಿಗೆ ಬೇಕಾಗೋದು ಟಿಬಿಎಕ್ಸ್4 ಅನ್ನೋ ಬೇರೆ, ಅದಕ್ಕೇ ಈ ಕಾಯಿಲೇಲಿ ಕಾಲು ಪೂರ್ತಿ ಸರಿ ಇರುತ್ತೆ. 1960ರಲ್ಲಿ ಇಂಗ್ಲೆಂಡಲ್ಲಿ ಮೇರಿ ಹೋಲ್ಟ್, ಸ್ಯಾಮ್ಯುಯೆಲ್ ಓರಮ್ ಅನ್ನೋ ಇಬ್ರು ಡಾಕ್ಟ್ರು ಒಂದೇ ಮನೆಯ ಹಲವರಲ್ಲಿ ಹೆಬ್ಬೆರಳು ಮತ್ತೆ ಹಾರ್ಟಿನ ತೂತು ಒಟ್ಟಿಗೆ ಇರೋದನ್ನ ಗುರುತಿಸಿ ಬರೆದಿದ್ರು, ಜೀನ್ ಸಿಕ್ಕಿದ್ದು 1997ರಲ್ಲಿ. ಎಡಗೈಗೇ ಜಾಸ್ತಿ ಪೆಟ್ಟು ಅನ್ನೋದೂ ನಮ್ಮ ಮನೇಲಿ ಸರಿಯಾಗಿ ಹೊಂದುತ್ತೆ.

ಹಾರ್ಟ್ ನಾಲ್ಕು ಕೋಣೆ ಆಗಿ ಬೇರ್ಪಡೋದು ಎಂಟನೇ ವಾರದೊಳಗೆ ಅಂತ ಹೇಳಿದಾಗ ನಾನು ಅಲ್ಲೇ ಲೆಕ್ಕ ಹಾಕ್ದೆ. ಗ್ರಹಣದ ದಿನ ನನಗೆ 16ನೇ ವಾರ. ಗೋಡೆ ಕೆಲಸ ಯಾವಾಗ್ಲೋ ಮುಗಿದಿತ್ತು, ನಾನು ಒಳಗಿದ್ರೂ ಒಂದೇ ಹೊರಗಿದ್ರೂ ಒಂದೇ. ಮನೆಗೆ ಬಂದು ಅತ್ತೆಗೆ ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಂಗಾದ್ರೆ ನಮ್ಮ ಮನೆ ಕಡೆಯಿಂದಾನೇ ಬಂದಿದ್ದು ಅಂದ್ರು. ಇವರಿಗೆ ಅದು ಚುಚ್ಚಿತು, ಎರಡು ದಿನ ಮಾತೇ ಆಡ್ಲಿಲ್ಲ ಯಾರ ಹತ್ರಾನೂ. ತಪ್ಪು ನನ್ನ ಮೇಲಿಂದ ಇಳಿದು ಇವರ ಹೆಗಲಿಗೆ ಹೋಗೋದು ನನಗೂ ಬೇಕಿರ್ಲಿಲ್ಲ. ಗಂಡ ಹೆಂಡತಿ ಇಬ್ರೂ ಒಟ್ಟಿಗೆ ಕೌನ್ಸೆಲಿಂಗಿಗೆ ಹೋಗಿ ಅಂತ ಹೇಳೋದು ಅದಕ್ಕೇ.

ಇವರ ಇಸಿಜೀಲಿ ಪಿಆರ್, ಅಂದ್ರೆ ಕರೆಂಟ್ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗೋ ಟೈಮು, 230 ಮಿಲಿಸೆಕೆಂಡ್ ಬಂತು, 200ರ ಒಳಗಿರ್ಬೇಕಂತೆ. ಫಸ್ಟ್ ಡಿಗ್ರಿ ಬ್ಲಾಕ್. ಕೇಳಿದೋರೆಲ್ಲ ಸ್ಟೆಂಟ್ ಯಾವಾಗ ಅಂತಾರೆ, ಇದು ರಕ್ತನಾಳ ಕಟ್ಕೊಂಡಿರೋದಲ್ಲ, ಹಾರ್ಟ್ ಒಳಗೆ ಕರೆಂಟ್ ಹೋಗೋದು ನಿಧಾನ ಆಗಿರೋದು. ಈಗ ಮಾತ್ರೆ ಇಲ್ಲ, ಏನೂ ಇಲ್ಲ, ವರ್ಷಕ್ಕೊಂದು ಇಸಿಜಿ, ಬೇಕಂದಾಗ 24 ಗಂಟೆ ಹೋಲ್ಟರ್ (ಮೈಗೆ ಕಟ್ಟಿ ಬಡಿತ ದಾಖಲಿಸೋ ಮೆಷಿನ್), ತಲೆ ಸುತ್ತಿ ಬಿದ್ರೆ ತಕ್ಷಣ ಆಸ್ಪತ್ರೆ. ಮುಂದೆ ಎಂದಾದ್ರೂ ಪೇಸ್‌ಮೇಕರ್ ಬೇಕಾಗಬಹುದು. ಹಾರ್ಟಲ್ಲಿ ತೂತೇ ಇಲ್ದೋರಿಗೂ ಇದು ಬರಬಹುದು, ಮಗಳಿಗೂ ತೂತು ಮುಚ್ಚಿದ ಮೇಲೂ ಬರಬಹುದು, ಅದಕ್ಕೇ ಡಿವೈಸ್ ಹಾಕಿಸಿ ಆಯ್ತಲ್ಲ ಅಂತ ಫಾಲೋಅಪ್ ಬಿಡಂಗಿಲ್ಲ.

ಎರಡನೇ ಮಗು ವಿಷಯ ನಮ್ಮಲ್ಲಿ ಇನ್ನೂ ಮಾತಾಗ್ತಿದೆ. ಪ್ರತಿ ಸಲ ಅರ್ಧಕ್ಕರ್ಧ ಚಾನ್ಸ್, ಗಂಡಾಗ್ಲಿ ಹೆಣ್ಣಾಗ್ಲಿ. ಬಂದ್ರೂ ಎಷ್ಟು ಬರುತ್ತೆ ಅಂತ ಮೊದ್ಲೇ ಹೇಳೋಕಾಗಲ್ಲ, ಇವರಿಗೆ ಬೆರಳು ಮತ್ತೆ ಇಸಿಜಿ ಮಾತ್ರ, ಮಗಳಿಗೆ ತೂತು, ಇನ್ನೊಂದು ಮಗೂಗೆ ಕೈನೇ ಗಿಡ್ಡ ಆಗಬಹುದು. ನಾನು ಐದನೇ ತಿಂಗಳ ಫೀಟಲ್ ಎಕೋದಲ್ಲಿ (ಹೊಟ್ಟೇಲಿರೋ ಮಗುವಿನ ಹಾರ್ಟ್ ಸ್ಕ್ಯಾನ್) ನೋಡಿದ್ರಾಯ್ತು ಅನ್ಕೊಂಡಿದ್ದೆ. ಆಗ ಗೊತ್ತಾಗಿದ್ದು, ಹೊಟ್ಟೇಲಿರೋ ಎಲ್ಲಾ ಮಕ್ಕಳಿಗೂ ಆ ಗೋಡೇಲಿ ಒಂದು ಕಿಂಡಿ ತೆರೆದೇ ಇರುತ್ತೆ, ಹುಟ್ಟಿ ಉಸಿರಾಡಿದ ಮೇಲೆ ಮುಚ್ಕೊಳೋದು, ಹಾಗಾಗಿ ನಮ್ಮ ಮಗಳಿಗಿದ್ದ ಥರದ ತೂತನ್ನ ಹೊಟ್ಟೇಲಿರೋವಾಗ ಖಚಿತವಾಗಿ ಹೇಳೋದು ಕಷ್ಟ. ಫೀಟಲ್ ಎಕೋ ನಾರ್ಮಲ್ ಬಂದ್ರೂ ಹುಟ್ಟಿದ ಮೇಲೆ ಎಕೋ ಬೇಕೇ ಬೇಕು. ಸ್ಕ್ಯಾನಲ್ಲಿ ಹೆಬ್ಬೆರಳು, ಮುಂಗೈ ಮೂಳೆ ನೋಡಿ ಅಂತ ಮೊದ್ಲೇ ಹೇಳಿದ್ರೆ ಅದನ್ನ ಹುಡುಕಿ ನೋಡ್ತಾರೆ.

ಖಚಿತ ಬೇಕಂದ್ರೆ 11ನೇ ವಾರ ಕಳೆದ ಮೇಲೆ ಮಾಸಿನ ಚೂರು ತೆಗೆದು ನೋಡೋ ಸಿವಿಎಸ್, ಇಲ್ಲಾ 16ನೇ ವಾರದ ಹೊತ್ತಿಗೆ ಮಗು ಸುತ್ತಲಿರೋ ಗರ್ಭದ ನೀರು ತೆಗೆದು ಟೆಸ್ಟು, ಎರಡಕ್ಕೂ ಸಹಿ ಹಾಕಿದ ಒಪ್ಪಿಗೆ ಬೇಕು, ಮಗು ಗಂಡೋ ಹೆಣ್ಣೋ ಹೇಳಲ್ಲ. ಮನೆಯ ಬದಲಾವಣೆ ಮೊದ್ಲೇ ಗೊತ್ತಿದ್ರೆ ಮಾತ್ರ ಈ ಟೆಸ್ಟ್ ಬೇಗ ಆಗುತ್ತೆ, ಬಸುರಿ ಆದ್ಮೇಲೆ ಮೊದಲಿಂದ ಹುಡುಕ್ತಾ ಕೂತ್ರೆ ವಾರಗಳು ಕಾಯಲ್ಲ. ಐವಿಎಫ್ ಮಾಡಿ ಭ್ರೂಣಾನೇ ಪರೀಕ್ಷೆ ಮಾಡೋ ದಾರೀನೂ ಇದೆ, ಲಕ್ಷಗಟ್ಟಲೆ, ನಮ್ಮ ಕೈಲಾಗಲ್ಲ. ಟೆಸ್ಟ್ ಮಾಡಿಸಿ ಬಂತು ಅಂದ್ರೆ ಏನು ಮಾಡ್ತೀವಿ ಅನ್ನೋದೇ ನಮಗೆ ದೊಡ್ಡ ಪ್ರಶ್ನೆ. ಇವರು ಒಂದೇ ಮಾತು ಹೇಳಿದ್ರು, ಬಂದಿದ್ರೆ ನನ್ನಂಗೆ ಇರುತ್ತೆ ತಾನೆ. ನಾನು ಅದಕ್ಕೆ ಉತ್ತರ ಕೊಟ್ಟಿಲ್ಲ ಇನ್ನೂ.

ಮಗಳಿಗೆ ಈಗ ಆಕ್ಯುಪೇಷನಲ್ ಥೆರಪಿ ನಡೀತಿದೆ, ದಪ್ಪ ಪೆನ್ಸಿಲ್, ಹಿಟ್ಟು ನಾದೋದು, ಬಟ್ಟೆ ಕ್ಲಿಪ್ ಹಾಕೋದು. ಬೆರಳಿಗೆ ಆಪರೇಷನ್ ಬೇಕಾ ಅಂತ ಹ್ಯಾಂಡ್ ಸರ್ಜನ್ ಹತ್ರ ಇನ್ನೂ ಹೋಗ್ಬೇಕು. ಅವಳ ಎಕೋ, ಅಪ್ಪನ ಇಸಿಜಿ ಒಂದೇ ದಿನಕ್ಕೆ ಹಾಕಿಸ್ಕೊಳೋಕೆ ಕೌಂಟರಲ್ಲಿ ಮೊದ್ಲೇ ಹೇಳ್ಬೇಕು, ಮಕ್ಕಳ ಓಪಿಡಿ ಬೇರೆ ದಿನ ದೊಡ್ಡವರದ್ದು ಬೇರೆ ದಿನ ಇರುತ್ತೆ, ನಾವು ಡಾಕ್ಟ್ರ ಹತ್ರ ಒಂದೇ ಚೀಟೀಲಿ ಇಬ್ರ ಹೆಸರೂ ಬರೆಸ್ಕೊಂಡ್ವಿ, ಆಗ ಒಪ್ಕೊಂಡ್ರು. ಎಕ್ಸ್‌ರೇ ಫಿಲ್ಮ್ ಮಡಚಬೇಡಿ, ರಿಪೋರ್ಟ್‌ಗಳ ಒಂದು ಸೆಟ್ ಜೆರಾಕ್ಸ್ ಊರಲ್ಲೇ ಬಿಟ್ಟು ಹೋಗಿ.